ಬ್ರಿಟನ್ನಿನ ಎರಡು ವಲಸೆಗಾರ ಸಮುದಾಯಗಳು: ಆರ್ಥಿಕ ಸ್ಥಿತಿಗತಿಯ ಒಂದು ತೌಲನಿಕ ವಿವೇಚನೆ

ಹುಟ್ಟಿದ ನೆಲವನ್ನು ಬಿಟ್ಟು ಪರದೇಶದಲ್ಲಿ ಬಾಳುವೆ ಹೂಡಿದವರೆಲ್ಲರನ್ನೂ ಲೋಕವು ‘ವಲಸೆಗಾರರು’ ಎಂಬ ಒಂದೇ ಮಾತಿನಿಂದ ಕರೆಯುತ್ತದೆ. ಕನ್ನಡ ನುಡಿ ಈ ವಿಷಯದಲ್ಲಿ ಹೆಚ್ಚು ಸೂಕ್ಷ್ಮವಾದುದು. ಮರಳಿ ಬರುವ ಆಸೆಯನ್ನಿರಿಸಿಕೊಂಡು ದುಡಿಮೆಗಾಗಿ ಕೆಲಕಾಲ ಊರು ಬಿಡುವುದು ಗುಳೆ. ಸಂಸಾರಸಮೇತವಾಗಿ ಹೋಗಿ ನೆಲೆಯೂರುವುದು ವಲಸೆ. ಆಳುವವರ ಆಜ್ಞೆಯಿಂದ ಹೊರದೂಡಲ್ಪಡುವುದು ಗಡೀಪಾರು. ಈ ಮೂರರ ಭೇದವನ್ನು ಮರೆತು ಎರಡು ಸಮುದಾಯಗಳ ಸಿರಿತನ ಬಡತನಗಳನ್ನು ತೂಗಹೊರಟರೆ ತಕ್ಕಡಿ ತಪ್ಪುವುದು ನಿಶ್ಚಯ.

ಇದಕ್ಕೆ ಉತ್ತಮ ನಿದರ್ಶನವೆಂದರೆ ಬ್ರಿಟನ್ನಿನಲ್ಲಿ ನೆಲೆಸಿರುವ ಎರಡು ಜನವರ್ಗಗಳು. ಪೂರ್ವ ಆಫ್ರಿಕಾದಿಂದ ಹೋದ ಗುಜರಾತಿಗಳು ಒಂದು ವರ್ಗ. ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಪ್ರಾಂತದಿಂದ ಹೋದ ಬಂಗಾಳಿಗಳು ಇನ್ನೊಂದು. ಇಬ್ಬರ ಮೂಲವೂ ಭಾರತ ಉಪಖಂಡವೇ. ಇಬ್ಬರೂ ಮುಖ್ಯವಾಗಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಬೇರೂರಿದವರು. ಇಬ್ಬರೂ ಹೆಚ್ಚುಕಡಿಮೆ ಬರಿಗೈಯಲ್ಲಿ ಬಂದಿಳಿದವರು. ಆದರೂ ಒಂದು ತಲೆಮಾರು ಕಳೆಯುವಷ್ಟರಲ್ಲಿ ಮೊದಲಿನವರು ಯಶಸ್ಸಿಗೂ ಎರಡನೆಯವರು ದಾರಿದ್ರ್ಯಕ್ಕೂ ಉದಾಹರಣೆಯಾಗಿಬಿಟ್ಟರು. ಒಂದು ಜನ ಸ್ವಭಾವತಃ ಉದ್ಯಮಶೀಲರು, ಇನ್ನೊಂದು ಜನ ಸ್ವಭಾವತಃ ಹಿಂದುಳಿದವರು ಎಂಬ ತೀರ್ಪು ಸುಲಭವಾದದ್ದು. ಅದು ಸತ್ಯವೇ ಎಂಬುದನ್ನು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಗುಜರಾತಿಗಳು: ಎರಡು ಬಾರಿ ನೆಲೆ ಬದಲಿಸಿದವರು

ಪಶ್ಚಿಮ ಭಾರತದ ವರ್ತಕರಿಗೂ ಪೂರ್ವ ಆಫ್ರಿಕಾದ ಕರಾವಳಿಗೂ ಇದ್ದ ಸಂಬಂಧ ಬಹು ಪುರಾತನವಾದದ್ದು. 1896ರಿಂದ 1901ರವರೆಗೆ ಬ್ರಿಟಿಷರು ಮೊಂಬಾಸಾ ಬಂದರಿನಿಂದ ಒಳನಾಡಿಗೆ ರೈಲುದಾರಿಯನ್ನು ಹಾಕಿಸಿದಾಗ ಭಾರತದಿಂದ ಸುಮಾರು 32,000 ಕರಾರು ಕೂಲಿಗಳನ್ನು ಕರೆದೊಯ್ದರು. ಅವರಲ್ಲಿ ಸುಮಾರು 2,500 ಮಂದಿ ಅಲ್ಲಿಯೇ ಮಡಿದರು. ಉಳಿದವರಲ್ಲಿ ಬಹುಪಾಲು ಜನ ಸ್ವದೇಶಕ್ಕೆ ಹಿಂದಿರುಗಿದರು. ಪೂರ್ವ ಆಫ್ರಿಕಾದ ಗುಜರಾತಿಗಳಲ್ಲಿ ಹೆಚ್ಚಿನವರು ಈ ಕೂಲಿಗಳ ಸಂತತಿಯಲ್ಲ. ರೈಲುದಾರಿಯ ಹಿಂದೆಯೇ ತಮ್ಮ ಇಚ್ಛೆಯಿಂದ ಹೋದ ಪಾಟೀದಾರರು, ಲೋಹಾಣರು, ಖೋಜಾಗಳು ಮೊದಲಾದವರ ಮಕ್ಕಳು ಮೊಮ್ಮಕ್ಕಳು ಅವರು. ಅಲ್ಲಿದೀನ ವಿಶ್ರಾಮ್ ಎಂಬ ವರ್ತಕನು ರೈಲುದಾರಿಯುದ್ದಕ್ಕೂ ಅಂಗಡಿಗಳನ್ನು ತೆರೆದನು. ನಾನ್ಜಿ ಕಾಳಿದಾಸ ಮೆಹ್ತಾ ಹಾಗೂ ಮುಳ್ಜಿಭಾಯಿ ಮಾಧ್ವಾನಿಯವರು ಉಗಾಂಡದಲ್ಲಿ ಸಕ್ಕರೆಯ ಕಾರ್ಖಾನೆಗಳನ್ನು ಕಟ್ಟಿದರು.

ಇಂಥ ಶ್ರೀಮಂತರು ಬೆರಳೆಣಿಕೆಯವರು. ಸಮುದಾಯದ ಬಹುಭಾಗ ಸಣ್ಣ ಅಂಗಡಿಕಾರರು, ಗುಮಾಸ್ತರು, ಉಪಾಧ್ಯಾಯರು, ಬಡಗಿ ಕಮ್ಮಾರರು. ಆದರೆ ಅವರೆಲ್ಲರಿಗೂ ಸಮಾನವಾಗಿದ್ದ ಒಂದು ಸಂಪತ್ತೆಂದರೆ ಪೇಟೆಯ ಬಾಳು. ಅವರು ಪಟ್ಟಣಗಳಲ್ಲಿ ವಾಸಿಸಿದರು. ಚಂದಾ ಎತ್ತಿ ಶಾಲೆಗಳನ್ನು ಸ್ಥಾಪಿಸಿದರು. ಮಕ್ಕಳಿಗೆ ಇಂಗ್ಲಿಷ್ ಕಲಿಸಿದರು. ಲೆಕ್ಕಪತ್ರ, ಸರಕಾರದ ಅರ್ಜಿ, ಬ್ಯಾಂಕಿನ ವ್ಯವಹಾರ ಇವು ಅವರಿಗೆ ಅಪರಿಚಿತವಾಗಿರಲಿಲ್ಲ.

ಆಫ್ರಿಕಾದ ದೇಶಗಳು ಸ್ವತಂತ್ರವಾದ ಮೇಲೆ ಉದ್ಯೋಗ ವ್ಯಾಪಾರಗಳು ಆಫ್ರಿಕನ್ನರಿಗೇ ಸಲ್ಲಬೇಕೆಂಬ ನೀತಿ ಬಲವಾಯಿತು. ಕೀನ್ಯಾದಿಂದ ಭಾರತೀಯರು ಬ್ರಿಟಿಷ್ ರಹದಾರಿಯನ್ನು ಹಿಡಿದು ಲಂಡನ್ನಿಗೆ ಹೊರಟೊಡನೆ, ಬ್ರಿಟಿಷ್ ಸಂಸತ್ತು 1968ರಲ್ಲಿ ಕೇವಲ ಮೂರು ದಿನಗಳಲ್ಲಿ ನಿರ್ಬಂಧದ ಶಾಸನವೊಂದನ್ನು ಅಂಗೀಕರಿಸಿತು. 1972ರ ಆಗಸ್ಟ್ ತಿಂಗಳಿನಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನನು ಏಷ್ಯನ್ನರು 90 ದಿನಗಳೊಳಗೆ ದೇಶ ಬಿಡಬೇಕೆಂದು ಆಜ್ಞಾಪಿಸಿದನು. ಅಂಗಡಿ, ಮನೆ, ತೋಟ, ಕಾರ್ಖಾನೆ ಎಲ್ಲವೂ ಅಲ್ಲಿಯೇ ಉಳಿದವು. ಒಂದು ಕುಟುಂಬ ಕೊಂಡೊಯ್ಯಬಹುದಾಗಿದ್ದ ಹಣ ಸುಮಾರು 50 ಪೌಂಡು ಮಾತ್ರ. ಹೀಗೆ 27,000ಕ್ಕೂ ಮಿಕ್ಕ ಜನ ಬ್ರಿಟನ್ನಿಗೆ ಬಂದು, ಹಳೆಯ ಸೈನಿಕ ಶಿಬಿರಗಳಲ್ಲಿ ತಂಗಿದರು. ಲೆಸ್ಟರ್ ನಗರದ ಆಡಳಿತವಂತೂ ‘ನಮ್ಮ ಊರಿಗೆ ಬರಬೇಡಿ’ ಎಂಬ ಅರ್ಥದ ಪ್ರಕಟಣೆಯನ್ನು ಉಗಾಂಡದ ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಿತು. ಆದರೂ ಸಾವಿರಾರು ಜನ ಆ ನಗರವನ್ನೇ ಸೇರಿದರು.

ಅಲ್ಲಿ ಅವರಿಗೆ ಸುಖವೇನೂ ಕಾದಿರಲಿಲ್ಲ. ಅಂಗಡಿಯ ಒಡೆಯನಾಗಿದ್ದವನು ಗಿರಣಿಯ ಕೂಲಿಯಾದನು. ಹೊಸ್ತಿಲು ದಾಟಿ ದುಡಿದರಿಯದ ಗೃಹಿಣಿ ರಾತ್ರಿ ಪಾಳಿಗೆ ಹೋದಳು. 1974ರಲ್ಲಿ ಲೆಸ್ಟರಿನ ಬೆರಳಚ್ಚು ಯಂತ್ರದ ಕಾರ್ಖಾನೆಯಲ್ಲಿ ನಡೆದ ಮುಷ್ಕರವೂ, 1976ರಿಂದ 1978ರವರೆಗೆ ಲಂಡನ್ನಿನ ಗ್ರನ್‌ವಿಕ್ ಕಾರ್ಖಾನೆಯಲ್ಲಿ ಜಯಾಬೆನ್ ದೇಸಾಯಿ ಎಂಬ ಧೀರ ಮಹಿಳೆ ನಡೆಸಿದ ಹೋರಾಟವೂ ಆ ದಿನಗಳ ಅವಮಾನಕ್ಕೆ ಸಾಕ್ಷಿ. ಆದರೆ ಮನೆಯಲ್ಲಿ ದುಡಿಯುವ ಕೈಗಳು ಎರಡು ಮೂರು ಇದ್ದವು. ಉಳಿತಾಯವೆಲ್ಲ ಒಂದೇ ಗಂಟಾಗುತ್ತಿತ್ತು. ಆ ಗಂಟಿನಿಂದ ಮೊದಲು ಮನೆ, ಬಳಿಕ ಅಂಗಡಿ. ಬೀದಿಮೂಲೆಯ ದಿನಸಿ ಅಂಗಡಿ, ಪತ್ರಿಕೆಯ ಅಂಗಡಿ, ಔಷಧಾಲಯ ಇವು ಕ್ರಮೇಣ ಅವರ ಕೈಸೇರಿದವು. ಲೆಸ್ಟರಿನ ಬೆಲ್‌ಗ್ರೇವ್ ರಸ್ತೆ ಸೀರೆ, ಚಿನ್ನ, ಸಿಹಿತಿಂಡಿಗಳ ಅಂಗಡಿಗಳಿಂದ ತುಂಬಿ ‘ಸುವರ್ಣ ಮೈಲಿ’ ಎಂಬ ಹೆಸರನ್ನು ಪಡೆಯಿತು.

ಸಿಲ್ಹೆಟಿಗಳು: ಗುಳೆ ಹೋಗಿ ನೆಲೆಸಿದವರು

ಸಿಲ್ಹೆಟ್ ನದಿ ಜೌಗುಗಳ ನಾಡು. 1874ರಿಂದ 1947ರವರೆಗೆ ಅದು ಅಸ್ಸಾಮಿಗೆ ಸೇರಿತ್ತು. 1947ರ ಜನಮತಗಣನೆಯಲ್ಲಿ ಅದರ ಬಹುಭಾಗ ಪೂರ್ವ ಪಾಕಿಸ್ತಾನಕ್ಕೆ ಸೇರಿತು. ಅಲ್ಲಿಯ ಜನ ದೋಣಿ ನಡೆಸುವುದರಲ್ಲಿ ನಿಪುಣರು. ಕಲ್ಕತ್ತೆಯ ಬಂದರಿನಲ್ಲಿ ಅವರು ಬ್ರಿಟಿಷ್ ಹಡಗುಗಳ ಖಲಾಸಿಗಳಾದರು. ಅವರ ಪಾಲಿಗೆ ಬಂದ ಕೆಲಸ ಹಡಗಿನ ಹೊಟ್ಟೆಯಲ್ಲಿ ಕುಲುಮೆಗೆ ಕಲ್ಲಿದ್ದಲು ತುಂಬುವುದು. ಆ ಬೇಗೆಯನ್ನು ತಾಳಲಾರದೆ ಕೆಲವರು ಲಂಡನ್ನಿನ ಹಡಗುಕಟ್ಟೆಯಲ್ಲಿ ಇಳಿದು ಕಣ್ಮರೆಯಾಗುತ್ತಿದ್ದರು. ನಗರದ ಪೂರ್ವಭಾಗದ ಬಡ ಬೀದಿಗಳಲ್ಲಿ ಅವರ ಸಣ್ಣ ವಸತಿ ಬೆಳೆಯಿತು.

1950 ಮತ್ತು 1960ರ ದಶಕಗಳಲ್ಲಿ ಕಾರ್ಖಾನೆಗಳಿಗೆ ಆಳು ಬೇಕಾದಾಗ ಈ ಮೊದಲಿಗರು ತಮ್ಮ ಬಂಧುಗಳನ್ನು ಕರೆಸಿಕೊಂಡರು. 1962ರ ಶಾಸನ ಉದ್ಯೋಗದ ರಹದಾರಿಯನ್ನು ಕಡ್ಡಾಯ ಮಾಡಿದಾಗ, ಬಾಗಿಲು ಮುಚ್ಚುವ ಮೊದಲೇ ಒಳಸೇರಬೇಕೆಂಬ ಆತುರ ಹೆಚ್ಚಿತು. ಬಂದವರು ಗಂಡಸರು ಮಾತ್ರ. ಒಂದೇ ಕೋಣೆಯಲ್ಲಿ ಹಲವರು. ಹಗಲು ಪಾಳಿಯವನು ಎದ್ದು ಹೋದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಮಲಗುವುದು. ದುಡಿದ ಹಣ ಊರಿಗೆ ಹೋಗುತ್ತಿತ್ತು. ಆ ಹಣದಿಂದ ಸಿಲ್ಹೆಟ್ಟಿನಲ್ಲಿ ಗದ್ದೆ ಕೊಂಡರು, ಕೆರೆ ತೋಡಿಸಿದರು, ತಾರಸಿ ಮನೆ ಕಟ್ಟಿಸಿದರು. ಊರಿನವರು ಅವರನ್ನು ‘ಲಂಡನಿ’ಗಳೆಂದು ಕರೆದರು. ಅವರ ದೃಷ್ಟಿಯಲ್ಲಿ ಅದು ಗುಳೆ. ನಾಲ್ಕು ಕಾಸು ಕೂಡಿದ ಮೇಲೆ ಮರಳುವ ಸಂಕಲ್ಪ. ಆದ್ದರಿಂದಲೇ ಗುಜರಾತಿಯು ಲೆಸ್ಟರಿನಲ್ಲಿ ಮನೆ ಕೊಳ್ಳುತ್ತಿದ್ದಾಗ ಸಿಲ್ಹೆಟಿಯು ಸಿಲ್ಹೆಟ್ಟಿನಲ್ಲಿ ಮನೆ ಕಟ್ಟುತ್ತಿದ್ದನು. ಮಿತವ್ಯಯ ಇಬ್ಬರಲ್ಲಿಯೂ ಒಂದೇ; ಹಣ ಬೇರು ಬಿಟ್ಟ ನೆಲ ಮಾತ್ರ ಬೇರೆ.

1971ರ ಯುದ್ಧದ ತರುವಾಯ ಹುಟ್ಟಿದ ಬಾಂಗ್ಲಾದೇಶದಲ್ಲಿ ಕ್ಷಾಮವೂ ಅಸ್ಥಿರತೆಯೂ ತಲೆದೋರಿದವು. ಬ್ರಿಟನ್ನಿನ ವಲಸೆ ಶಾಸನಗಳೂ ಬಿಗಿಯಾದವು. ಮರಳುವ ಮಾತು ಮರೀಚಿಕೆಯಾಗಲು, 1970ರ ದಶಕದ ಉತ್ತರಾರ್ಧದಲ್ಲಿಯೂ 1980ರ ದಶಕದಲ್ಲಿಯೂ ಹೆಂಡಿರು ಮಕ್ಕಳನ್ನು ಕರೆಸಿಕೊಳ್ಳಲಾರಂಭಿಸಿದರು. ಢಾಕಾದಲ್ಲಿ ಅನುಮತಿಪತ್ರಕ್ಕಾಗಿ ಕುಟುಂಬಗಳು ವರ್ಷಗಟ್ಟಲೆ ಕಾಯಬೇಕಾಯಿತು. ಅಷ್ಟರಲ್ಲಿ ಕಾಲವೇ ತಿರುಗಿತ್ತು. ಉತ್ತರದ ಬಟ್ಟೆಗಿರಣಿಗಳು ಬಾಗಿಲು ಹಾಕಿದವು. ಲಂಡನ್ನಿನ ಹಡಗುಕಟ್ಟೆಗಳು 1967ರಿಂದ 1981ರೊಳಗೆ ಒಂದೊಂದಾಗಿ ಮುಚ್ಚಿದವು. ಉಳಿದ ದುಡಿಮೆಯೆಂದರೆ ಬ್ರಿಕ್‌ಲೇನ್ ಸುತ್ತಲಿನ ತೊಗಲಂಗಿ ಹೊಲಿಯುವ ಕೊಠಡಿಗಳು ಮತ್ತು ‘ಇಂಡಿಯನ್’ ಎಂಬ ಹೆಸರಿನ ಭೋಜನಶಾಲೆಗಳು. ಬ್ರಿಟನ್ನಿನ ಇಂಥ ಭೋಜನಶಾಲೆಗಳಲ್ಲಿ ಬಹುಪಾಲನ್ನು ನಡೆಸಿದವರು ಈ ಸಿಲ್ಹೆಟಿಗಳೇ. ಹೆಂಗಸರು ಮನೆಯಲ್ಲಿಯೇ ಕುಳಿತು ತುಂಡುಗೂಲಿಗೆ ಬಟ್ಟೆ ಹೊಲಿದರು. ವಸತಿಯ ದುಃಸ್ಥಿತಿ ಹೇಳತೀರದು. ಇದರೊಂದಿಗೆ ಜನಾಂಗದ್ವೇಷದ ಭಯವೂ ಸೇರಿತ್ತು. 1978ರ ಮೇ 4ರಂದು ಅಲ್ತಾಬ್ ಅಲಿ ಎಂಬ ತರುಣ ಹೊಲಿಗೆ ಕೆಲಸಗಾರ ಕೆಲಸ ಮುಗಿಸಿ ಮನೆಗೆ ಮರಳುವಾಗ ಕೊಲೆಗೀಡಾದನು. ಸಾವಿರಾರು ಜನ ಅವನ ಶವಪೆಟ್ಟಿಗೆಯ ಹಿಂದೆ ಮೌನವಾಗಿ ನಡೆದರು.

ಅಂತರದ ಕಾರಣಗಳು

ಎರಡು ಚರಿತ್ರೆಗಳನ್ನೂ ಎದುರುಬದುರಾಗಿರಿಸಿದರೆ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು ಕಾಲ. ಗುಜರಾತಿಗಳಲ್ಲಿ ಹಲವರು ಇಡೀ ಕುಟುಂಬವಾಗಿ ಬಂದದ್ದು 1973ರ ತೈಲ ಬಿಕ್ಕಟ್ಟಿಗೆ ಮುನ್ನ, ಕಾರ್ಖಾನೆಗಳಿಗೆ ಇನ್ನೂ ಆಳು ಬೇಕಾಗಿದ್ದಾಗ. ಸಿಲ್ಹೆಟಿ ಕುಟುಂಬಗಳು ಒಂದುಗೂಡಿದ್ದು ಕಾರ್ಖಾನೆಗಳು ಮುಚ್ಚುತ್ತಿದ್ದಾಗ. ಎರಡನೆಯದು ಕುಟುಂಬ. ಒಬ್ಬರಲ್ಲಿ ಸ್ತ್ರೀಪುರುಷರಿಬ್ಬರ ಸಂಪಾದನೆ ಒಂದೇ ಒಲೆಗೆ ಬಂದಿತು; ಇನ್ನೊಬ್ಬರಲ್ಲಿ ಒಬ್ಬನ ಕೂಲಿ ಎರಡು ದೇಶಗಳ ಎರಡು ಒಲೆಗಳಿಗೆ ಹಂಚಿಹೋಯಿತು. ಮೂರನೆಯದೂ ಮುಖ್ಯವಾದುದೂ ವಿದ್ಯೆ. ಕಂಪಾಲಾದಿಂದ ವಿಮಾನನಿಲ್ದಾಣಕ್ಕೆ ಹೋಗುವ ಹಾದಿಯಲ್ಲಿ ಅಮೀನನ ಸೈನಿಕರು ಪ್ರಯಾಣಿಕರ ಪೆಟ್ಟಿಗೆಗಳನ್ನು ಜಾಲಾಡಿ ಒಡವೆಗಳನ್ನು ಕಸಿದರು. ಓದು ಬರಹ, ಇಂಗ್ಲಿಷ್, ಲೆಕ್ಕದ ತಿಳಿವಳಿಕೆ ಇವನ್ನು ಅವರು ಕಸಿಯಲಾಗಲಿಲ್ಲ. ಹಿರಿಯರು ವಿದ್ಯೆಯನ್ನು ಅಪಹರಿಸಲಾಗದ ಧನವೆಂದದ್ದು ಅಲಂಕಾರದ ಮಾತಲ್ಲ, ಲೆಕ್ಕದ ಮಾತು. ಸಿಲ್ಹೆಟ್ಟಿನ ಹಳ್ಳಿಯಿಂದ ಬಂದ ರೈತನಿಗೆ ಆ ಧನವನ್ನು ಕೂಡಿಡುವ ಅವಕಾಶವೇ ಒದಗಿರಲಿಲ್ಲ.

ಸ್ಥಳದ ಪ್ರಭಾವಕ್ಕೂ ಒಂದು ಸಾಕ್ಷಿಯುಂಟು. ಬ್ರಿಕ್‌ಲೇನ್ ಬೀದಿಯ ಒಂದು ಕಟ್ಟಡವನ್ನು 1743ರಲ್ಲಿ ಫ್ರಾನ್ಸಿನ ನಿರಾಶ್ರಿತರು ಪ್ರಾರ್ಥನಾಮಂದಿರವಾಗಿ ಕಟ್ಟಿದರು, 1898ರಲ್ಲಿ ಅದು ಯಹೂದ್ಯರ ಮಂದಿರವಾಯಿತು, 1976ರಲ್ಲಿ ಮಸೀದಿಯಾಯಿತು. ಫ್ರೆಂಚರು ಅಲ್ಲಿ ರೇಷ್ಮೆ ನೇಯ್ದರು, ಯಹೂದ್ಯರು ಉಡುಪು ಹೊಲಿದರು, ಬಂಗಾಳಿಗಳು ತೊಗಲಂಗಿ ಹೊಲಿದರು. ದೇವರ ಹೆಸರು ಬದಲಾಯಿತು, ಬಂದವರ ಭಾಷೆ ಬದಲಾಯಿತು. ಆ ಬೀದಿ ಬಡ ಹೊಸಬನಿಗೆ ಕೊಟ್ಟ ಕಸುಬು ಬಟ್ಟೆಯದೇ. ಇದರಲ್ಲಿ ಜನಾಂಗದ ಸ್ವಭಾವ ಎಲ್ಲಿದೆ?

ಶಾಲೆ ಮಾಡಿದ್ದು, ಮಾಡಲಾಗದ್ದು

1985ರಲ್ಲಿ ಪ್ರಕಟವಾದ ಸ್ವಾನ್ ಸಮಿತಿಯ ವರದಿ, ಏಷ್ಯನ್ ಮೂಲದ ಮಕ್ಕಳು ಒಟ್ಟಿನಲ್ಲಿ ಇತರರಿಗೆ ಸಮನಾಗಿ ಓದುತ್ತಿದ್ದಾರೆಂದೂ, ಬಾಂಗ್ಲಾದೇಶೀಯ ಮಕ್ಕಳು ಮಾತ್ರ ತೀರ ಹಿಂದುಳಿದಿದ್ದಾರೆಂದೂ ತಿಳಿಸಿತು. ಹನ್ನೆರಡು ಹದಿಮೂರನೆಯ ವಯಸ್ಸಿನಲ್ಲಿ ಬಂದಿಳಿದ ಬಾಲಕನಿಗೆ ಹದಿನಾರಕ್ಕೆ ಶಾಲೆ ಮುಗಿಯುತ್ತಿತ್ತು; ಭಾಷೆ ಕಲಿಯುವಷ್ಟರಲ್ಲಿ ಪರೀಕ್ಷೆ ಎದುರಿಗೆ ನಿಲ್ಲುತ್ತಿತ್ತು. 1980ರ ದಶಕದ ಕೊನೆಯಲ್ಲಿ ಸಿಲ್ಹೆಟಿಗಳು ಹೆಚ್ಚಾಗಿರುವ ಟವರ್ ಹ್ಯಾಮ್ಲೆಟ್ಸ್ ವಿಭಾಗದಲ್ಲಿ ನೂರಾರು ಮಕ್ಕಳಿಗೆ ಶಾಲೆಯಲ್ಲಿ ಸ್ಥಳವೇ ಇರಲಿಲ್ಲ. 1990ರ ದಶಕದಲ್ಲಿ ಆ ವಿಭಾಗದ ಶಾಲೆಗಳು ಇಂಗ್ಲೆಂಡಿನ ಕಟ್ಟಕಡೆಯ ಸಾಲಿನಲ್ಲಿದ್ದವು.

ಆಮೇಲೆ ಆದದ್ದು ಶಿಕ್ಷಕ ಸಮೂಹ ನೆನೆಯಬೇಕಾದ ಸಂಗತಿ. ಸ್ಥಳೀಯ ಆಡಳಿತ ಶಾಲೆಗಳಿಗೆ ಹಣವನ್ನು ಧಾರಾಳವಾಗಿ ಒದಗಿಸಿತು. ಬಂಗಾಳಿ ಬಲ್ಲ ಸಿಬ್ಬಂದಿಯನ್ನು ನೇಮಿಸಿ ತಾಯ್ತಂದೆಯರ ವಿಶ್ವಾಸವನ್ನು ಗಳಿಸಿತು. ಮಕ್ಕಳಿಂದ ಹೆಚ್ಚಿನದನ್ನು ನಿರೀಕ್ಷಿಸುವ ಮುಖ್ಯೋಪಾಧ್ಯಾಯರನ್ನು ಹುಡುಕಿ ತಂದಿತು. 2003ರಲ್ಲಿ ಲಂಡನ್ನಿನ ಶಾಲೆಗಳಿಗಾಗಿ ಆರಂಭವಾದ ಸರಕಾರದ ಯೋಜನೆಯೂ ನೆರವಾಯಿತು. 2010ರ ದಶಕದಲ್ಲಿ ಅದೇ ಬೀದಿಗಳ ಅವೇ ಬಡ ಕುಟುಂಬಗಳ ಮಕ್ಕಳು ಹದಿನಾರರ ಪರೀಕ್ಷೆಯಲ್ಲಿ ರಾಷ್ಟ್ರದ ಸರಾಸರಿಯನ್ನು ಮೀರಿದರು. ಓದುಬಾರದ ತಾಯಂದಿರ ಹೆಣ್ಣುಮಕ್ಕಳು ವಿಶ್ವವಿದ್ಯಾಲಯಗಳನ್ನು ಸೇರಿದರು. ಸ್ವಭಾವತಃ ಹಿಂದುಳಿದವರೆಂಬ ತೀರ್ಪಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಆದರೆ ಇಲ್ಲಿಗೆ ಮಂಗಳ ಹಾಡುವುದು ಸತ್ಯಕ್ಕೆ ಅಪಚಾರವಾದೀತು. 2018ರ ಸರಕಾರದ ಅಂಕಿಅಂಶಗಳಂತೆ ಭಾರತೀಯ ಮೂಲದ ನೌಕರನ ಗಂಟೆಯ ಮಧ್ಯಾಂಕ ವೇತನ 13.47 ಪೌಂಡು, ಬಿಳಿಯ ಬ್ರಿಟಿಷ್ ನೌಕರನದು 12.03 ಪೌಂಡು, ಬಾಂಗ್ಲಾದೇಶೀಯ ಮೂಲದವನದು 9.60 ಪೌಂಡು. ಭಾರತೀಯರೆಂಬ ಗುಂಪಿನಲ್ಲಿ ಪಂಜಾಬಿಗಳೂ, ಭಾರತದಿಂದ ನೇರವಾಗಿ ಹೋದ ವೈದ್ಯರು ತಂತ್ರಜ್ಞರೂ ಸೇರಿರುವರೆಂಬುದನ್ನು ಮರೆಯಲಾಗದು. ಆದರೂ ಅಂತರ ದೊಡ್ಡದೇ. ಆ ಸುಮಾರಿನಲ್ಲಿ ಭಾರತೀಯ ಮೂಲದ ಕುಟುಂಬಗಳಲ್ಲಿ ಸುಮಾರು ಮುಕ್ಕಾಲುಪಾಲಿಗೆ ಸ್ವಂತ ಮನೆಯಿತ್ತು. ಬಾಂಗ್ಲಾದೇಶೀಯರಲ್ಲಿ ಅರ್ಧಕ್ಕಿಂತ ಕಡಮೆ. ಕಿರಿಯ ತಲೆಮಾರಿನಲ್ಲಿ ವೇತನದ ಅಂತರ ಕುಗ್ಗುತ್ತಿದೆಯಾದರೂ ಅಳಿದಿಲ್ಲ. ಪರೀಕ್ಷೆಯಲ್ಲಿ ಗೆದ್ದವನಿಗೆ ಉದ್ಯೋಗದ ಬಾಗಿಲು ತೆರೆಯಲು ಪರಿಚಯ, ಬಂಡವಾಳ, ಪಕ್ಷಪಾತವಿಲ್ಲದ ಧಣಿ ಇವೂ ಬೇಕು. ಅವನ್ನು ಶಾಲೆಯೊಂದೇ ಕೊಡಲಾರದು.

ಉಪಸಂಹಾರ

ಈ ವಿವೇಚನೆಯಿಂದ ತಿಳಿಯುವುದಿಷ್ಟು: ಬರಿಗೈ ಎಂಬುದು ಎಲ್ಲರಲ್ಲಿಯೂ ಒಂದೇ ಅಲ್ಲ. ಒಬ್ಬನ ಬರಿಗೈಯ ಹಿಂದೆ ಎರಡು ತಲೆಮಾರಿನ ಓದು, ಒಟ್ಟಾಗಿ ಬಂದ ಸಂಸಾರ, ಅನುಕೂಲವಾದ ಕಾಲ ಇರಬಹುದು. ಇನ್ನೊಬ್ಬನ ಬರಿಗೈ ನಿಜಕ್ಕೂ ಬರಿದೇ ಆಗಿರಬಹುದು. ಇವುಗಳಲ್ಲಿ ಕಾಲವನ್ನು ಯಾರೂ ಬದಲಿಸಲಾರರು. ವಿದ್ಯೆಯನ್ನು ಮಾತ್ರ, ತಂದೆತಾಯಿ ಕೊಡಲಾಗದಿದ್ದರೂ ಸಮಾಜ ಕೊಡಬಹುದು, ತಡವಾಗಿಯಾದರೂ ಕೊಡಬಹುದು. ಆದುದರಿಂದ ತರಗತಿಗೆ ತಡವಾಗಿ ಬಂದು ಸೇರಿದ, ಮನೆಯಲ್ಲಿ ಓದಿದವರಿಲ್ಲದ ವಿದ್ಯಾರ್ಥಿಯನ್ನು ಮಂದಮತಿಯೆಂದು ಎಣಿಸುವ ಮೊದಲು ಅವನಿಗೆ ಸಿಕ್ಕ ವರ್ಷಗಳೆಷ್ಟು ಎಂಬುದನ್ನು ಉಪಾಧ್ಯಾಯನು ಎಣಿಸುವುದು ನ್ಯಾಯ. ಅಂಥ ವಿದ್ಯಾರ್ಥಿಗೆ ಇನ್ನೂ ಕೆಲವು ವರ್ಷಗಳ ಅನ್ನ, ವಸತಿ, ಪುಸ್ತಕಗಳನ್ನು ಒದಗಿಸುವ ದಾನಿಯು ಯಾವ ಸರ್ವಾಧಿಕಾರಿಯೂ ಗಡಿಯಲ್ಲಿ ಕಸಿಯಲಾಗದ ಆಸ್ತಿಯನ್ನು ಒಂದು ಕುಟುಂಬದ ಹೆಸರಿಗೆ ಬರೆದುಕೊಟ್ಟಂತೆಯೇ ಸರಿ.