ರಾತ್ರಿ ಬ್ರೆಡ್ಡು, ಸಂಜೆಯೆಲ್ಲ ಮಕ್ಕಳು

ಸಮಸ್ಯೆ: ಧಾರವಾಡದ 22ರ ಯುವತಿ ಒಂದು ವರ್ಷದ ಸ್ವಯಂಸೇವೆಗೆ ಜರ್ಮನಿಯಲ್ಲಿದ್ದಾರೆ. ಉಳಿದುಕೊಂಡ ಮನೆಯಲ್ಲಿ ರಾತ್ರಿಗೆ ತಣ್ಣನೆಯ ಬ್ರೆಡ್ಡು. ಒಮ್ಮೆ ಬೇಡವೆಂದರೆ ಮತ್ತೆ ಕೇಳುವುದಿಲ್ಲ. ದಿನಾ ಸಂಜೆ ಆ ಮನೆಯವರ ಮಕ್ಕಳನ್ನೂ ನೋಡಿಕೊಳ್ಳಬೇಕು. ನಿದ್ದೆಯಿಲ್ಲ. ವಾಪಸ್ ಬರಬೇಕೆ?

ಉತ್ತರ: ಈಗಲೇ ಟಿಕೆಟ್ ಬುಕ್ ಮಾಡಬೇಡಿ.

ರಾತ್ರಿ ಬ್ರೆಡ್ಡು, ಚೀಸು ತಿನ್ನುವುದು ಅಲ್ಲಿನ ಎಷ್ಟೋ ಮನೆಗಳ ಹಳೆಯ ರೂಢಿ, ನಿಮ್ಮ ಮೇಲಿನ ಅಸಡ್ಡೆಯಲ್ಲ. ನಮ್ಮ ಹಾಗೆ ಒತ್ತಾಯ ಮಾಡಿ ಬಡಿಸುವ ಪದ್ಧತಿಯೂ ಇಲ್ಲ. ಹಸಿವಿದ್ದರೆ ಮೊದಲ ಸಲವೇ ಬೇಕು ಅನ್ನಿ. ಭಾನುವಾರ ಅಡುಗೆಮನೆ ಕೇಳಿಕೊಂಡು ಅನ್ನ–ಸಾರು ಮಾಡಿ, ಅವರಿಗೂ ಬಡಿಸಿ. ಅಂದು ಬಹುತೇಕ ಅಂಗಡಿಗಳಿಗೆ ರಜೆ, ಸಾಮಾನು ಶನಿವಾರವೇ ತಂದಿಡಿ. ಒಗ್ಗರಣೆಗೆ ಮುಂಚೆ ಕಿಟಕಿ ಪೂರ್ತಿ ತೆರೆಯಿರಿ, ಇಲ್ಲದಿದ್ದರೆ ಹೊಗೆ ಅಲಾರಂ ಕೂಗಿಕೊಂಡೀತು.

ಮಕ್ಕಳ ವಿಷಯ ಹಾಗಲ್ಲ. ಅಪರೂಪಕ್ಕೊಮ್ಮೆ ನೋಡಿಕೊಳ್ಳುವುದು ಸೌಜನ್ಯ. ದಿನಾ ಆದರೆ ಅದು ಸಂಬಳವಿಲ್ಲದ ದುಡಿಮೆ. ಒಪ್ಪಂದ ತೆಗೆದು ಓದಿ. ಯಾವ ದಿನ ಎಷ್ಟು ಹೊತ್ತು ಎಂದು ಬರೆದಿಡಿ. 'ಮಂಗಳವಾರ ಮಾತ್ರ ಆಗುತ್ತದೆ' ಎಂದು ನೇರವಾಗಿ ಹೇಳಿ. ಅಲ್ಲಿ ನೇರ ಮಾತನ್ನು ಸಾಮಾನ್ಯವಾಗಿ ಒರಟುತನವೆಂದು ಎಣಿಸುವುದಿಲ್ಲ. ಒಪ್ಪದಿದ್ದರೆ ಕಳುಹಿಸಿದ ಸಂಸ್ಥೆಯ ಸಂಯೋಜಕರಿಗೆ ಇಮೇಲ್ ಮಾಡಿ, ಬೇರೆ ಮನೆ ಕೇಳಿ. ಮನೆ ಬದಲಾದರೆ ಎರಡು ವಾರದೊಳಗೆ ಸ್ಥಳೀಯ ಆಡಳಿತದಲ್ಲಿ ಹೊಸ ವಿಳಾಸ ನೋಂದಾಯಿಸಬೇಕು. ಮನೆಯವರ ಲಿಖಿತ ದೃಢೀಕರಣ ಜೊತೆಗಿರಲಿ.

ಸೇವೆಯನ್ನೇ ಬಿಡುವುದಾದರೆ ಮೊದಲು ವಲಸೆ ವಕೀಲರನ್ನು ಕಾಣಿ, ನಿಮ್ಮ ವಾಸದ ಪರವಾನಗಿ ಈ ಸೇವೆಗೇ ಅಂಟಿಕೊಂಡಿದೆ. ನಿದ್ದೆಗೇಡು ಎರಡು ವಾರ ದಾಟಿದ್ದರೆ ವೈದ್ಯರ ಬಳಿ ಹೋಗಿ. ಕ್ಲಿನಿಕ್ ಮುಚ್ಚಿದ ಹೊತ್ತಿಗೆ 116117, ಜೀವಕ್ಕೆ ಅಪಾಯವೆನಿಸಿದರೆ 112.