ಪ್ರವಾಹದ ನಕ್ಷೆಗೂ ವಯಸ್ಸಾಗುತ್ತೆ

ಬೆಂಗಳೂರಿನಲ್ಲಿ ಸೈಟು ನೋಡೋಕೆ ಹೋದವರು "ಇಲ್ಲಿ ನೀರು ನುಗ್ಗುತ್ತಾ?" ಅಂತ ಕೇಳಿದ್ರೆ ಸಾಮಾನ್ಯವಾಗಿ ಎರಡು ದಾಖಲೆ ಮುಂದೆ ಬರುತ್ತವೆ. ಒಂದು, ಹಿಂದೆ ನೀರು ನಿಂತ ಜಾಗಗಳ ಪಟ್ಟಿ. ಇನ್ನೊಂದು, ರಾಜಕಾಲುವೆಯ ಬಫರ್ ಗೆರೆ. ಎರಡೂ ಬೇಕಾದವೇ, ಆದರೆ ಎರಡೂ ಪ್ರವಾಹ ಅಪಾಯದ ನಕ್ಷೆ ಅಲ್ಲ. ಪಟ್ಟಿ ನಿನ್ನೆಯ ಕಥೆ ಹೇಳುತ್ತೆ. ಬಫರ್ ಅನ್ನೋದು ಕಾನೂನಿನ ಅಳತೆ: 2015ರ ಮಾಸ್ಟರ್ ಪ್ಲಾನ್ ಪ್ರಕಾರ ಪ್ರಾಥಮಿಕ ಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15. ಅದನ್ನು 2016ರಲ್ಲಿ ಹಸಿರು ನ್ಯಾಯಮಂಡಳಿ ಹಿಗ್ಗಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ನೀರು ಮಾತ್ರ ನೆಲದ ಮಟ್ಟ ನೋಡಿ ಹರಿಯುತ್ತೆ. ದಡ ಎತ್ತರವಿದ್ದ ಕಡೆ ಕಾಲುವೆ ಪಕ್ಕದ ಮನೆಗೂ ಏನೂ ಆಗಲ್ಲ, ತಗ್ಗಿದ್ದ ಕಡೆ 200 ಮೀಟರ್ ಆಚೆಯ ಬೇಸ್‌ಮೆಂಟ್ ಕೂಡ ಮುಳುಗಬಹುದು.

ಅಪಾಯದ ನಕ್ಷೆ ಹೇಳಬೇಕಾದ್ದು ಮೂರು: ನೀರು ಎಷ್ಟು ಆಳ, ಎಷ್ಟು ವೇಗ, ಯಾವ ಸಾಧ್ಯತೆಯಲ್ಲಿ. ಈ ಮೂರನೆಯದರಲ್ಲೇ ನಮ್ಮ ಕ್ಲಾಸಿನ ಅರ್ಧ ಜನ ಎಡವೋದು. "100 ವರ್ಷಕ್ಕೊಮ್ಮೆ ಬರುವ ಪ್ರವಾಹ" ಅಂದ್ರೆ ಈ ವರ್ಷ ಬಂದ್ರೆ ಇನ್ನು ನೂರು ವರ್ಷ ನಿಶ್ಚಿಂತೆ ಅಂತಲ್ಲ. ಪ್ರತಿ ವರ್ಷವೂ 1% ಸಾಧ್ಯತೆ ಅಂತ. 20 ವರ್ಷದ ಹೋಮ್ ಲೋನ್ ತೀರೋದ್ರೊಳಗೆ ಅದು ಒಮ್ಮೆಯಾದರೂ ಬರುವ ಸಾಧ್ಯತೆ 1 − (0.99)²⁰, ಅಂದರೆ ಸುಮಾರು 18%. ಹಾವು-ಏಣಿ ಆಟದಲ್ಲಿ ಮೊದಲ ಸಲಕ್ಕೇ ಆರು ಬೀಳೋದಕ್ಕಿಂತ ತುಸು ಜಾಸ್ತಿ! 25 ವರ್ಷಕ್ಕೊಮ್ಮೆಯ ಪ್ರವಾಹಕ್ಕೆ ಇದೇ ಲೆಕ್ಕ ಹಾಕಿದ್ರೆ ಸುಮಾರು 56%.

ಹಾಗಾದ್ರೆ ಒಮ್ಮೆ ಮಾಡಿದ ನಕ್ಷೆಯನ್ನು ಮತ್ತೆ ಯಾಕೆ ಪರಿಷ್ಕರಿಸಬೇಕು? ರ‍್ಯಾಷನಲ್ ಸೂತ್ರ ನೆನಪಿಸಿಕೊಳ್ಳಿ. ಗರಿಷ್ಠ ಹರಿವು = ಹರಿವಿನ ಗುಣಾಂಕ × ಮಳೆಯ ತೀವ್ರತೆ × ವಿಸ್ತೀರ್ಣ ÷ 360. ತೀವ್ರತೆ ಗಂಟೆಗೆ ಮಿ.ಮೀ.ಗಳಲ್ಲಿ, ವಿಸ್ತೀರ್ಣ ಹೆಕ್ಟೇರಿನಲ್ಲಿ, ಉತ್ತರ ಸೆಕೆಂಡಿಗೆ ಘನ ಮೀಟರ್. ಲೆಕ್ಕಕ್ಕೆ ಅಂತ 100 ಹೆಕ್ಟೇರಿನ ಒಂದು ಜಲಾನಯನ ಇಟ್ಟುಕೊಳ್ಳೋಣ. ತೋಟ, ಬಯಲು ಇದ್ದಾಗ ಗುಣಾಂಕ 0.3, ತೀವ್ರತೆ 54. ಹರಿವು 4.5. ಲೇಔಟ್ ಆದ ಮೇಲೆ ಗುಣಾಂಕ 0.8. ತೀವ್ರತೆ ಅದೇ ಇರುತ್ತಾ? ಇಲ್ಲ. ತಾರಸಿ, ಡಾಂಬರಿನ ಮೇಲೆ ನೀರು ಬೇಗ ಓಡಿ ಬರೋದ್ರಿಂದ ಸಂಗ್ರಹಣಾ ಕಾಲ ಕಡಿಮೆಯಾಗುತ್ತೆ. ಕಡಿಮೆ ಅವಧಿಯ ಮಳೆಗೆ ತೀವ್ರತೆ ಹೆಚ್ಚು. ಅದು 81 ಅಂತ ಹಿಡಿದ್ರೆ ಹರಿವು 18. ಮೋಡ ಬದಲಾಗಿಲ್ಲ, ಕಾಲುವೆಗೆ ಬಂದ ನೀರು ನಾಲ್ಕು ಪಟ್ಟು! ಪರೀಕ್ಷೆಯಲ್ಲಿ ಗುಣಾಂಕ ಮಾತ್ರ ಬದಲಿಸಿ 12 ಅಂತ ಬರೆಯುವವರು ಈ ಎರಡನೇ ಹೊಡೆತವನ್ನು ಮರೆಯುತ್ತಾರೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2010ರ ನಗರ ಪ್ರವಾಹ ಮಾರ್ಗಸೂಚಿ ಮುಂದಿನ ಮಳೆನೀರು ಕಾಲುವೆಗಳಿಗೆ 0.95ರವರೆಗಿನ ಗುಣಾಂಕ ಸೂಚಿಸಿದ್ದು ಸುಮ್ಮನೆ ಅಲ್ಲ.

ಇದಕ್ಕಿಂತ ಸೂಕ್ಷ್ಮವಾದ ವಿಷಯ ಕಾಲುವೆಯ ರಿಪೇರಿ. ಹುಲ್ಲು ಬೆಳೆದ ಮಣ್ಣಿನ ಕಾಲುವೆಗೆ ಮ್ಯಾನಿಂಗ್ ಗುಣಾಂಕ ಸುಮಾರು 0.03, ಕಾಂಕ್ರೀಟ್ ಗೋಡೆಗೆ 0.015. ಇಳಿಜಾರು, ಆಕಾರ ಅದೇ ಇದ್ದರೆ ವೇಗ ದುಪ್ಪಟ್ಟು. ಮೇಲಿನ ಬಡಾವಣೆಯವರಿಗೆ ಖುಷಿ, ಅಲ್ಲಿ ನೀರು ನಿಲ್ಲಲ್ಲ. ಆದರೆ ಮೊದಲು ಬೇರೆ ಬೇರೆ ಹೊತ್ತಿಗೆ ಬರುತ್ತಿದ್ದ ಕವಲುಗಳ ಗರಿಷ್ಠ ಹರಿವು ಈಗ ಕೆಳಗಡೆ ಒಂದೇ ಹೊತ್ತಿಗೆ ಬಂದು ಸೇರಬಹುದು. ಕೋರಮಂಗಲ-ಚಲ್ಲಘಟ್ಟ ಕಣಿವೆಯನ್ನೇ ನೋಡಿ: ನಗರದ ನಡುಭಾಗದ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ದಾರಿಯ ಕೆರೆಗಳು ನೀರನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ನಿಧಾನಕ್ಕೆ ಬಿಡಬೇಕು. ಹೂಳು ತುಂಬಿದ ಕೆರೆಗೆ ಆ ತಾಳ್ಮೆ ಕಮ್ಮಿ. 2022ರ ಸೆಪ್ಟೆಂಬರ್ 5ರ ಬೆಳಗ್ಗೆಯ ಹೊತ್ತಿಗೆ ನಗರದಲ್ಲಿ 24 ಗಂಟೆಯಲ್ಲಿ ಸುಮಾರು 130 ಮಿ.ಮೀ. ಮಳೆ ದಾಖಲಾಗಿ, ಹೊರ ವರ್ತುಲ ರಸ್ತೆಯ ಕಡೆ ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ನೆನಪಿದೆಯಲ್ಲ? ಆದ್ದರಿಂದ ಮೇಲ್ಗಡೆ ಕಾಮಗಾರಿ ಮುಗಿದ ದಿನವೇ ಕೆಳಗಡೆಯ ನಕ್ಷೆ ಹಳೆಯದಾಯಿತು ಅಂತ ತಿಳಿಯಬೇಕು. ಬಿಲ್ ಪಾಸ್ ಮಾಡೋಕೆ ಮುಂಚೆ ಮಾಡೆಲ್ ಮತ್ತೆ ಓಡಿಸಬೇಕು ಅನ್ನೋದು ನನ್ನ ಅಭಿಪ್ರಾಯ.

ಮಾಡೆಲ್‌ಗೆ ನೆಲದ ಎತ್ತರ ಸರಿಯಾಗಿ ಕೊಡದಿದ್ರೆ ಸಾಫ್ಟ್‌ವೇರ್ ಯಾವುದಾದ್ರೂ ಅಷ್ಟೇ. ಉಪಗ್ರಹದಿಂದ ಪುಕ್ಕಟೆ ಸಿಗುವ ಎತ್ತರದ ಮಾಹಿತಿಯಲ್ಲಿ ಕೆಲವು ಮೀಟರ್ ವ್ಯತ್ಯಾಸ ಇರುತ್ತೆ. ಮನೆಯ ಹೊಸ್ತಿಲು ದಾಟೋಕೆ ನೀರಿಗೆ ಅರ್ಧ ಮೀಟರ್ ಸಾಕು. ಅದಕ್ಕೇ ಅದೇ ಮಾರ್ಗಸೂಚಿ ನಗರಗಳಿಗೆ 0.2ರಿಂದ 0.5 ಮೀಟರ್ ಅಂತರದ ಸಮೋನ್ನತಿ ರೇಖೆ ಬೇಕು ಅನ್ನುತ್ತೆ.

ಹೊಸ ಗೆರೆ ಬಿದ್ದಾಗ ಜಗಳ ಗ್ಯಾರಂಟಿ. ಗೆರೆಯೊಳಗೆ ಬಂದವರ ಸೈಟಿನ ರೇಟು ಇಳಿಯುತ್ತೆ, ಹೊರಗೆ ಉಳಿದವರು ಬೇಸ್‌ಮೆಂಟ್ ಪಾರ್ಕಿಂಗ್ ಕಟ್ಟಿಸುತ್ತಾರೆ. ಹಾಗಾಗಿ ಸಾಕ್ಷಿ ಬೇಕು. ಮಾಡೆಲ್ ಹೇಳಿದ ಆಳವನ್ನು ಗೋಡೆಯ ಮೇಲಿನ ಕೆಸರಿನ ಗುರುತಿನ ಜೊತೆ ಹೋಲಿಸೋದೇ ಅದಕ್ಕೆ ನೇರ ದಾರಿ. ಸರ್ವೆ ಲ್ಯಾಬಿನ ಆಟೋ ಲೆವೆಲ್, ಸ್ಟಾಫ್ ಇದ್ದರೆ ಇದನ್ನು ನಾವೂ ಮಾಡಬಹುದು. ಗುರುತಿನ ಎತ್ತರವನ್ನು ರಸ್ತೆಯಿಂದ ಅಳೆಯಬೇಡಿ, ಡಾಂಬರು ಹಾಕಿದಷ್ಟೂ ರಸ್ತೆ ಮೇಲೇಳುತ್ತೆ. ಹತ್ತಿರದ ಬೆಂಚ್‌ಮಾರ್ಕ್‌ನಿಂದ ಲೆವೆಲ್ ತನ್ನಿ. ಮಳೆಯ ದಿನಾಂಕ, ನೀರು ಏರಿದ ಮತ್ತು ಇಳಿದ ಹೊತ್ತು ಮನೆಯವರನ್ನೇ ಕೇಳಿ ಬರೆದುಕೊಳ್ಳಿ. ಮಳೆಗಾಲ ಮುಗಿದ ಕೂಡಲೇ ಹೋಗಬೇಕು, ದೀಪಾವಳಿಗೆ ಸುಣ್ಣ ಬಳಿದ್ರೆ ಗುರುತು ಹೋಯ್ತು.