ಜಿಂಬಾಬ್ವೆಯ ಹಣದುಬ್ಬರ ಮತ್ತು ಕರೆನ್ಸಿ ಬಿಕ್ಕಟ್ಟು

ಹಿನ್ನೆಲೆ: 1980ರಲ್ಲಿ ಸ್ವತಂತ್ರವಾದ ಜಿಂಬಾಬ್ವೆಯನ್ನು ರಾಬರ್ಟ್ ಮುಗಾಬೆ ಮೊದಲು ಪ್ರಧಾನಿಯಾಗಿ, 1987ರಿಂದ 2017ರವರೆಗೆ ಅಧ್ಯಕ್ಷರಾಗಿ ಆಳಿದರು. ರಾಜಧಾನಿ ಹರಾರೆ.

ಕಾರಣಗಳು
• 1997: ವಿಮೋಚನಾ ಹೋರಾಟದ ಮಾಜಿ ಯೋಧರಿಗೆ ಬಜೆಟ್‌ನಲ್ಲಿ ಇಲ್ಲದ ಭಾರಿ ಪರಿಹಾರ. ನವೆಂಬರ್ 14ರ 'ಕಪ್ಪು ಶುಕ್ರವಾರ' ಜಿಂಬಾಬ್ವೆ ಡಾಲರ್ ಕುಸಿತ.
• 1998: ಕಾಂಗೋ ಯುದ್ಧಕ್ಕೆ ಸೇನೆ ರವಾನೆ.
• 2000: ಬಿಳಿಯರ ಜಮೀನು ವಶ. ತಂಬಾಕು ರಫ್ತು, ವಿದೇಶಿ ವಿನಿಮಯ ಕುಸಿತ.
• ಕೊರತೆ ತುಂಬಲು ರಿಸರ್ವ್ ಬ್ಯಾಂಕ್‌ನಿಂದ ನೋಟು ಮುದ್ರಣ (ಆಗಿನ ಗವರ್ನರ್: ಗಿಡಿಯನ್ ಗೋನೊ).

ಪರಿಣಾಮ
2007ರಲ್ಲಿ ಬೆಲೆ ಅರ್ಧಕ್ಕೆ ಇಳಿಸಲು ಸರ್ಕಾರ ಆದೇಶಿಸಿತು, ಅಂಗಡಿಗಳು ಬರಿದಾದವು. ಅಧಿಕೃತ ಹಣದುಬ್ಬರ 2008ರ ಜುಲೈನಲ್ಲಿ ಶೇ 23.1 ಕೋಟಿ. 2009ರ ಜನವರಿಯಲ್ಲಿ ಬಂದ 100 ಟ್ರಿಲಿಯನ್ ಡಾಲರ್ ನೋಟಿನಲ್ಲಿ 1ರ ಮುಂದೆ 14 ಸೊನ್ನೆ. ಒಂದು ಬದಿ ಒಂದರ ಮೇಲೊಂದು ನಿಂತ ಬಂಡೆಗಳು, ಇನ್ನೊಂದು ಬದಿ ವಿಕ್ಟೋರಿಯಾ ಜಲಪಾತ ಮತ್ತು ಕಾಡೆಮ್ಮೆ. ಜೀವಮಾನವಿಡೀ ದುಡಿದವರ ಪಿಂಚಣಿ, ಉಳಿತಾಯ ನೀರುಪಾಲಾಯಿತು. ಈ ಬಿಕ್ಕಟ್ಟಿನ ನಿಜವಾದ ಅನ್ಯಾಯ ಇದೇ.

ನೆನಪಿಡಿ
• ಕರೆನ್ಸಿಯಿಂದ ತೆಗೆದ ಸೊನ್ನೆಗಳು: 2006ರಲ್ಲಿ 3, 2008ರಲ್ಲಿ 10, 2009ರಲ್ಲಿ 12.
• 2009: ಅಮೆರಿಕನ್ ಡಾಲರ್, ದಕ್ಷಿಣ ಆಫ್ರಿಕಾದ ರ‍್ಯಾಂಡ್ ಚಲಾವಣೆಗೆ.
• 2015: ಹಳೆಯ ಕರೆನ್ಸಿ ರದ್ದು.
• 2017 ನವೆಂಬರ್: ಸೇನಾ ಹಸ್ತಕ್ಷೇಪ, ಮುಗಾಬೆ ರಾಜೀನಾಮೆ, ಉತ್ತರಾಧಿಕಾರಿ ಎಮರ್ಸನ್ ಮ್ನಂಗಾಗ್ವಾ.
• 2024 ಏಪ್ರಿಲ್: ಚಿನ್ನದ ಆಧಾರದ ಹೊಸ ಕರೆನ್ಸಿ 'ಜಿಗ್'.

ಪರೀಕ್ಷಾ ಸೂತ್ರ: ಉತ್ಪಾದನೆ ಕುಸಿದಾಗ ನೋಟು ಹೆಚ್ಚಿಸಿದರೆ ಬೆಲೆಯಷ್ಟೇ ಏರುತ್ತದೆ. ಕೇಂದ್ರ ಬ್ಯಾಂಕಿನ ಸ್ವಾಯತ್ತತೆ ಏಕೆ ಬೇಕೆಂಬ ಪ್ರಶ್ನೆಗೆ ಇದು ಪ್ರಬಲ ಉದಾಹರಣೆ.